ಬೀಡಿ ಕಟ್ಟಿನ ಮೇಲಿನ ಎತ್ತು

ದೇವರ ಚಿತ್ರ ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು ಎಂಬ ಮಾತನ್ನು ಯಾರಾದರೂ ತೆಗೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಮನೆಯಲ್ಲಿ ಮಕ್ಕಳು, "ಅಪ್ಪಾ, ಎಷ್ಟ್ ವರ್ಷದ ಮಾತು, ಇನ್ನರ ಬಿಡ್ರಿ" ಅನ್ನುತ್ತಾರೆ. ಬಿಡಲು ನನಗೇನೂ ಅಡ್ಡಿಯಿಲ್ಲ. ಆದರೆ ಅವತ್ತು ದೊಡ್ಡ ದನಿಯಲ್ಲಿ ಮಾತಾಡಿದವರಲ್ಲಿ ಒಬ್ಬರಾದರೂ, ನಾವು ಆಡಿದ್ದು ತಪ್ಪಾಯಿತು ಎಂದು ಅಂದದ್ದನ್ನು ನಾನು ಕೇಳಿಲ್ಲ. ಅವರು ಅನ್ನುವ ತನಕ ನಾನೂ ಬಿಡುವುದಿಲ್ಲ ಎಂದು ಕೂತಿದ್ದೇನೆ.

ನಾನು ಪೇಂಟರ್. ನಮ್ಮದು ಹಾನಗಲ್ಲ ಕಡೆಯ ಮನೆತನ. ಅಜ್ಜ, ಅಪ್ಪ ಇಬ್ಬರೂ ಗುಡಿಯ ಗೋಡೆಗೆ ಚಿತ್ರ ಬರೆದವರು, ಪಲ್ಲಕ್ಕಿಗೆ, ಬಾಗಿಲಿಗೆ ಬಣ್ಣ ಹಚ್ಚಿದವರು. ಆಡೂರಿನಿಂದ ಹಿಡಿದು ಸುತ್ತಲಿನ ಹಳ್ಳಿಗಳ ಗುಡಿಗಳಲ್ಲಿ ಅಪ್ಪನ ಹಿಂದೆ ಬಣ್ಣ ಅರೆಯುತ್ತ ಬೆಳೆದವನು ನಾನು. ಆದರೆ ಗುಡಿಯ ಕೆಲಸ ವರ್ಷವಿಡೀ ಇರುವುದಿಲ್ಲ, ಹೊಟ್ಟೆ ಮಾತ್ರ ವರ್ಷವಿಡೀ ಇರುತ್ತದೆ. ಆದ್ದರಿಂದ ಮದುವೆಯಾದ ಮೇಲೆ ಶಿಗ್ಗಾವಿಯ ಬಸ್ ಸ್ಟ್ಯಾಂಡಿನ ಎದುರಿಗೆ ಒಂದು ಸಣ್ಣ ಮಳಿಗೆ ಹಿಡಿದು ಬೋರ್ಡು ಬರೆಯಲು ಕೂತೆ. ಆಗಷ್ಟೇ ಏಕೀಕರಣವಾಗಿತ್ತು. ಮುಂಬಯಿ ಸರಕಾರ ಎಂದಿದ್ದಲ್ಲೆಲ್ಲ ಮೈಸೂರು ಸರಕಾರ ಎಂದು ತಿದ್ದಬೇಕಿತ್ತು, ಮರಾಠಿ ಅಕ್ಷರ ಅಳಿಸಿ ಕನ್ನಡ ಬರೆಯಬೇಕಿತ್ತು. ಊಟಕ್ಕೆ ಏಳಲೂ ಪುರಸೊತ್ತಿರಲಿಲ್ಲ.

ಆ ಕಾಲದ ಬೋರ್ಡುಗಳಿಗೆ ಒಂದು ಪದ್ಧತಿ ಇತ್ತು. ಅಂಗಡಿ ಯಾವುದೇ ಇರಲಿ, ಮಾರುವುದು ಬಟ್ಟೆಯೋ ಸೀಮೆಎಣ್ಣೆಯೋ ಏನೇ ಇರಲಿ, ಮೊದಲು ನೆತ್ತಿಯ ಮೇಲೆ ಮನೆದೇವರ ಹೆಸರು ಬರೆದು 'ಪ್ರಸನ್ನ' ಎನ್ನಬೇಕು. ಸಾಬರ ಅಂಗಡಿಯಾದರೆ ಅದೇ ಜಾಗದಲ್ಲಿ 786. ನಾನು ಎರಡನ್ನೂ ಒಂದೇ ಕುಂಚದಲ್ಲಿ, ಒಂದೇ ಡಬ್ಬಿಯ ಹಳದಿ ಬಣ್ಣದಲ್ಲಿ ಬರೆಯುತ್ತಿದ್ದೆ. ನಡುವೆ ಕುಂಚ ತೊಳೆಯಪ್ಪಾ ಎಂದು ಯಾರೂ ಹೇಳಿರಲಿಲ್ಲ.

ಬೀಡಿ ಕಾಕಾ ನನಗೆ ಗೊತ್ತಾದದ್ದು ಹಾಗೆ ಒಂದು ಬೋರ್ಡು ಬರೆಸಲು ಬಂದಾಗ. ಅವರು ಹುಲಗೂರಿನ ಸಾಬರು, ವಯಸ್ಸಿನಲ್ಲಿ ನನ್ನಪ್ಪನ ಓರಗೆ. ಒಂದಿಷ್ಟು ಹೊಲ, ಅದರ ಜೊತೆಗೆ ಮನೆಯಲ್ಲಿ ಬೀಡಿ ಕಟ್ಟುವ ಉದ್ಯೋಗ. ನಿಪ್ಪಾಣಿಯ ತಂಬಾಕು ತರಿಸಿ, ಪಡಸಾಲೆಯಲ್ಲಿ ಹೆಂಗಸರನ್ನು ಕೂಡಿಸಿ ಬೀಡಿ ಕಟ್ಟಿಸುತ್ತಿದ್ದರು. ಕಾಕಾನ ಹೆಂಡತಿ, ಸೊಸೆ, ಓಣಿಯ ನಾಲ್ಕಾರು ಮನೆಯವರು, ಅವರಲ್ಲಿ ಸಾಬರ ಹೆಂಗಸರೂ ಇದ್ದರು, ನಮ್ಮವರೂ ಇದ್ದರು. ತೊಡೆಯ ಮೇಲೆ ಮೊರ ಇಟ್ಟುಕೊಂಡು, ಎಲೆ ಕತ್ತರಿಸುತ್ತ, ಸುತ್ತುತ್ತ, ಬಾಯಿಗೆ ಬಿಡುವಿಲ್ಲದೆ ಮಾತಾಡುತ್ತ ಕೂತಿರುತ್ತಿದ್ದರು. ಗಂಡ ಸತ್ತವರು, ಗಂಡ ಇದ್ದೂ ಇಲ್ಲದಂತಿದ್ದವರು, ಹೊಲಗೆಲಸಕ್ಕೆ ಮೈ ಬಗ್ಗದವರು ಆ ಪಡಸಾಲೆಯ ಮೇಲೆ ಬದುಕುತ್ತಿದ್ದರು.

ಆ ವರ್ಷ ಕಾರಹುಣ್ಣಿಮೆಯ ದಿನ ನಾನು ಹುಲಗೂರಿಗೆ ಹೋಗಿದ್ದೆ. ಊರ ಅಗಸಿ ಬಾಗಿಲಿಗೆ ಬೇವಿನ ತಪ್ಪಲಿನ ಹಗ್ಗ ಕಟ್ಟಿ, ಸಿಂಗರಿಸಿದ ಎತ್ತುಗಳನ್ನು ಓಡಿಸಿ ಕರಿ ಹರಿಸುವುದು ನಮ್ಮ ಕಡೆಯ ರೂಢಿ. ಬಿಳಿ ಎತ್ತು ಮುಂದೆ ಬಂದು ಹಗ್ಗ ಹರಿದರೆ ಬಿಳಿ ಜೋಳ, ಹತ್ತಿ ಚೆನ್ನಾಗಿ ಬರುತ್ತದೆ ಎಂದು ಲೆಕ್ಕ. ಅವತ್ತು ಹರಿದದ್ದು ಕಾಕಾನ ಬಿಳಿ ಎತ್ತು. ಎಡಗೊಂಬಿನ ತುದಿ ಮುರಿದಿತ್ತು, ಆದರೆ ಏನು ಮೈಕಟ್ಟು, ಏನು ನಡಿಗೆ! ಊರ ಗೌಡರು ಬಂದು ಅದರ ಹಣೆಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ಕೈ ಮುಗಿದರು. ಹೆಂಗಸರು ಆರತಿ ಬೆಳಗಿದರು. ಹಗ್ಗ ಹಿಡಿದು ನಿಂತಿದ್ದ ಕಾಕಾನ ಟೊಪ್ಪಿಗೆಯ ಮೇಲೂ ಅರಿಸಿನದ ಭಂಡಾರ ಬಿದ್ದಿತ್ತು. ಶಿಗ್ಗಾವಿಯಿಂದ ಬಂದಿದ್ದ ಅಡತಿ ಸಾಹುಕಾರರೂ ಆ ಎತ್ತಿನ ಪಾದ ಮುಟ್ಟಿ ಕಣ್ಣಿಗೆ ಒತ್ತಿಕೊಂಡದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅದಾಗಿ ಸ್ವಲ್ಪ ದಿನಕ್ಕೆ ಕಾಕಾ ನನ್ನ ಮಳಿಗೆಗೆ ಬಂದರು.

"ತಮ್ಮಾ, ನಮ್ಮ ಬೀಡಿಗೆ ಒಂದು ಛಾಪಾ ಬೇಕಾಗೇತಿ. ನಮ್ಮ ಎತ್ತಿನ ಚಿತ್ರ ತಗದು ಕೊಡು."

"ಯಾಕ ಕಾಕಾ, ಹೆಸರು ಬರದ್ರ ಸಾಲಂಗಿಲ್ಲೇನು?"

"ನಮ್ಮ ಬೀಡಿ ಸೇದವ್ರಿಗೆ ಓದಾಕ ಎಲ್ಲಿ ಬರತೈತಪ್ಪಾ? ನನಗ ಬರಂಗಿಲ್ಲ. ಅಂಗಡ್ಯಾಗ ನಿಂತು ಬಟ್ಟು ಮಾಡಿ ತೋರ್ಸಾಕ ಏನರ ಬೇಕಲ್ಲ."

ಮಾತು ಸರಿಯಾಗಿತ್ತು. ಹೊಲದ ಆಳು, ಗಾಡಿ ಹೊಡೆಯುವವರು, ಹಮಾಲರು ಚಿತ್ರ ನೋಡಿಯೇ ಕಟ್ಟು ಕೊಳ್ಳುತ್ತಿದ್ದರು. ಚಿತ್ರವೇ ಹೆಸರು, ಚಿತ್ರವೇ ನಂಬಿಕೆ. ನಾನು ಹುಲಗೂರಿಗೆ ಹೋಗಿ ಎತ್ತಿನ ಎದುರು ಕೂತು ಕಾಗದದ ಮೇಲೆ ಬರೆಯಲು ನೋಡಿದೆ. ನಿಂತ ಎತ್ತು ನನ್ನ ಕೈಗೆ ಬರಲೇ ಇಲ್ಲ. ಕಾಲು ಬಂದರೆ ಹೊಟ್ಟೆ ಬರಲಿಲ್ಲ, ಹೊಟ್ಟೆ ಬಂದರೆ ಅದು ಎಮ್ಮೆಯಂತೆ ಕಂಡಿತು. ಯಾಕೆಂದರೆ ನಮ್ಮ ಮನೆತನದಲ್ಲಿ ಯಾರೂ ನಿಂತ ಎತ್ತನ್ನು ಬರೆದವರೇ ಅಲ್ಲ. ಮೂರು ತಲೆಮಾರಿನಿಂದ ಬರೆದದ್ದು ಗುಡಿಯ ಗೋಡೆಯ ಮೇಲೆ ಲಿಂಗದ ಎದುರಿಗೆ ಮುಂಗಾಲು ಮಡಚಿ ಕೂತ ಎತ್ತನ್ನು. ಕೊರಳಿಗೆ ಗಂಟೆಸರ, ಬೆನ್ನಿಗೆ ಹೊದಿಸಿದ ಜೂಲು, ಅರ್ಧ ಮುಚ್ಚಿದ ಕಣ್ಣು. ಕೈ ತನಗೆ ಗೊತ್ತಿದ್ದನ್ನು ತಾನೇ ಬರೆಯಿತು. ಮುರಿದ ಕೊಂಬು ಮಾತ್ರ ಹೊಸದು, ಅದನ್ನು ನೋಡಿ ಬರೆದೆ.

ಕಾಕಾಗೆ ತೋರಿಸುವಾಗ ಸಂಕೋಚವಾಗಿತ್ತು. "ಕುಂತದ್ದು ಬಂದೈತಿ ಕಾಕಾ, ನಡೀತೈತೇನು?" ಅಂದೆ.

ಅವರು ಕಾಗದವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. "ಕುಂತದ್ದ ಚಲೋ ಆತು. ಭಾಳ ದುಡದಾನ, ಕುಂದ್ರಲಿ" ಅಂದರು.

ಹುಬ್ಬಳ್ಳಿಯ ಪ್ರೆಸ್ಸಿನಲ್ಲಿ ಬ್ಲಾಕ್ ಮಾಡಿಸಿ, ಹಸಿರು ಕಾಗದದ ಮೇಲೆ ಕೆಂಪು ಮಸಿಯಲ್ಲಿ ಲೇಬಲ್ ಅಚ್ಚಾದವು. ಬೀಡಿ ಮೊದಲೇ ಚೆನ್ನಾಗಿತ್ತು, ಈಗ ಗುರುತೂ ಸಿಕ್ಕಿತು. ಶಿಗ್ಗಾವಿ, ಸವಣೂರು, ದುಂಡಸಿ, ಅತ್ತ ಹಾನಗಲ್ಲ ತನಕ "ಎತ್ತಿಂದು ಒಂದು ಕಟ್ಟ ಕೊಡ್ರಿ" ಎಂಬ ಮಾತು ನಡೆಯಿತು. ಪಡಸಾಲೆಯಲ್ಲಿ ಇನ್ನಷ್ಟು ಹೆಂಗಸರು ಬಂದು ಕೂತರು. ಒಂದೆರಡು ವರ್ಷ ಎಲ್ಲರೂ ಆ ಬೀಡಿ ಸೇದಿದರು, ಎಲ್ಲರೂ ಆ ಕಾಗದ ಹರಿದು ಒಗೆದರು. ಯಾರ ಭಕ್ತಿಗೂ ಏನೂ ಆಗಲಿಲ್ಲ.

ಆಮೇಲೆ ಒಂದು ದಿನ ಇದ್ದಕ್ಕಿದ್ದಂತೆ ಆಯಿತು. ಅಡತಿ ಸಾಹುಕಾರರು, ಹತ್ತಿ ಮತ್ತು ಮೆಣಸಿನಕಾಯಿಯ ದೊಡ್ಡ ವ್ಯಾಪಾರಿ, ಊರಿನ ಹತ್ತಾರು ಕಿರಾಣಿ ಅಂಗಡಿಗಳಿಗೆ ಬೇಕಾದವರು, ತಮ್ಮ ಅಡತಿ ಅಂಗಡಿಗೆ ಕಾಕಾನನ್ನು ಕರೆಸಿದರು. ನನಗೆ ಕರೆ ಇರಲಿಲ್ಲ, ವಿಷಯ ತಿಳಿದು ನಾನಾಗಿಯೇ ಹೋದೆ. ಗಾದಿಯ ಮೇಲೆ ಸಾಹುಕಾರರು, ಸುತ್ತ ನಾಲ್ಕೈದು ಹಿರಿಯರು. ಕಾಕಾ ಬಾಗಿಲ ಬಳಿ, ಚೀಲದ ಮೇಲೆ ಕೂತಿದ್ದರು. ಸಾಹುಕಾರರ ಮುಂದೆ ಒಂದು ಹರಿದ ಲೇಬಲ್ ಇತ್ತು. ಅದರ ಮೇಲೆ ಯಾರದೋ ಚಪ್ಪಲಿಯ ಕೆಸರು.

"ಇದು ಎಲ್ಲಿ ಬಿದ್ದಿತ್ತು ಗೊತ್ತೇನು ಸಾಬ? ಗಟಾರದ ಬಾಜೂಕ. ಸೇದಿ ಉಗಳ್ತಾರ, ಕಾಗದ ಹರದು ಒಗೀತಾರ, ಮ್ಯಾಲೆ ಕಾಲಿಟ್ಟು ಹೊಕ್ಕಾರ. ಯಾರ ಮ್ಯಾಲೆ ಕಾಲಿಟ್ಟಂಗಾತು?"

"ಅದು ನಮ್ಮ ಎತ್ತರಿ, ಸಾವ್ಕಾರ್ರ" ಎಂದರು ಕಾಕಾ.

"ಎತ್ತು ಹಿಂಗ ಜೂಲು ಹಾಕ್ಕೊಂಡು ಕಣ್ಣು ಮುಚ್ಚಿ ಕುಂದರತೈತೇನು? ಇಂವ ಬಸವಣ್ಣ. ಸಣ್ಣ ಕೂಸಿಗೂ ತಿಳೀತೈತಿ."

ಅಲ್ಲಿಗೆ ನನ್ನ ತಾಳ್ಮೆ ತಪ್ಪಿತು. ಎದ್ದು ನಿಂತೆ. "ಸಾವ್ಕಾರ್ರ, ಆ ಚಿತ್ರ ತಗದಾಂವ ನಾನು. ಕುಂದ್ರಿಸಿದಾಂವ ನಾನು, ಜೂಲು ಹಾಕಿದಾಂವ ನಾನು. ನನ್ನ ಕೈಗೆ ಬ್ಯಾರೆ ಎತ್ತು ಬರಂಗಿಲ್ಲ. ಕಾಕಾ ಬರೇ ತಮ್ಮ ಎತ್ತು ತಗಿ ಅಂದ್ರು. ಕೇಳೂದಿದ್ರ ನನ್ನ ಕೇಳ್ರಿ. ಕೊಂಬು ನೋಡ್ರಿ, ಮುರದೈತಿ. ಹುಲಗೂರ ಅಗಸ್ಯಾಗ ನೀವ ಪಾದ ಮುಟ್ಟೀರಲ್ಲ, ಅದ ಎತ್ತು ಇದು."

ಇಷ್ಟು ಹೇಳಿದರೆ ಬೈಗುಳ ನನ್ನ ಕಡೆ ತಿರುಗುತ್ತದೆ ಎಂದುಕೊಂಡಿದ್ದೆ. ತಿರುಗಬೇಕಿತ್ತು. ಚಿತ್ರ ಅಪರಾಧವಾದರೆ ಚಿತ್ರ ಬರೆದವನು ಅಪರಾಧಿ, ಇದರಲ್ಲಿ ತಿಳಿಯದ್ದೇನಿದೆ? ಆದರೆ ಸಾಹುಕಾರರು ನಕ್ಕರು. ನನ್ನ ಹಣೆಯ ವಿಭೂತಿ ನೋಡಿ, ಮಗುವಿಗೆ ಹೇಳಿದಂತೆ ಹೇಳಿದರು:

"ನೀ ನಮ್ಮಾಂವ ಇದ್ದೀಯಪಾ. ನಿನಗ ಯಾರರ ಏನರ ಅಂದಾರೇನು? ಸುಮ್ಮನ ಕುಂದ್ರು."

ಆ ಮಾತು ನನಗೆ ಕಪಾಳಕ್ಕೆ ಹೊಡೆದಂತೆ ಆಯಿತು. ನನ್ನ ಕೈಯಾರೆ ಬರೆದದ್ದು, ಅದರ ಹೊಣೆ ನನ್ನದು ಎಂದು ಬಾಯಿಬಿಟ್ಟು ಹೇಳಿದರೂ ಇವರು ಅದನ್ನು ನನಗೆ ಕೊಡಲು ತಯಾರಿಲ್ಲ! ಬರೆದವನು ನಾನು, ಅಚ್ಚು ಹಾಕಿದವರು ಹುಬ್ಬಳ್ಳಿಯ ನಮ್ಮವರೇ, ಮಾರಿದವರು ಇವರದೇ ಕಿರಾಣಿ ಅಂಗಡಿಗಳು, ಹರಿದು ಒಗೆದವರಲ್ಲಿ ಮುಕ್ಕಾಲು ಮಂದಿ ನಮ್ಮವರು. ನೋವು ಕೊಟ್ಟವರು ಮಾತ್ರ ಬಾಗಿಲ ಬಳಿ ಚೀಲದ ಮೇಲೆ ಕೂತ ಮುದುಕ. ಇದ್ಯಾವ ನ್ಯಾಯ?

ನಾನು ಸುಮ್ಮನೆ ಕೂಡಲಿಲ್ಲ. ಅದೇ ಗೋಡೆಯ ಮೇಲೆ ಅಡತಿಯ ಹೆಸರು ಹೊತ್ತ ಕ್ಯಾಲೆಂಡರ್ ತೂಗುತ್ತಿತ್ತು, ಶಿವ ಪಾರ್ವತಿ, ನಡುವೆ ಗಣಪತಿ, ಕೆಳಗೆ ಹತ್ತಿ, ಮೆಣಸಿನಕಾಯಿ. ವರ್ಷ ಮುಗಿದ ಮೇಲೆ ಅದೇ ಹಾಳೆಗಳಲ್ಲಿ ಬಸ್ ಸ್ಟ್ಯಾಂಡಿನಲ್ಲಿ ಮಿರ್ಚಿ ಭಜಿ ಕಟ್ಟಿಕೊಡುತ್ತಿದ್ದರು. ಪಾರ್ವತಿಯ ಮುಖಕ್ಕೆ ಎಣ್ಣೆ ಒರೆಸಿ, ಉಂಡೆ ಮಾಡಿ, ಅದೇ ಗಟಾರಕ್ಕೆ ಒಗೆಯುತ್ತಿದ್ದರು. ದೀಪಾವಳಿಯಲ್ಲಿ ಪಟಾಕಿಯ ಮೇಲೆ ಲಕ್ಷ್ಮಿ ಕೂತಿರುತ್ತಿದ್ದಳು, ಬತ್ತಿಗೆ ಬೆಂಕಿ ಹಚ್ಚಿ ಅವಳನ್ನು ಚೂರು ಚೂರು ಮಾಡಿ ಓಣಿಯ ತುಂಬ ಹರಡುತ್ತಿದ್ದೆವು. ಇದನ್ನೆಲ್ಲ ಒಂದೇ ಉಸಿರಿಗೆ ಅಂದೆ. ಹಿರಿಯರಲ್ಲೊಬ್ಬರು, "ಅದು ಬ್ಯಾರೆ, ಇದು ಬ್ಯಾರೆ" ಎಂದರು. ಹೇಗೆ ಬೇರೆ ಎಂದು ಕೇಳಿದರೆ ಎಲೆ ಅಡಿಕೆಯ ತಟ್ಟೆ ನನ್ನ ಕಡೆ ತಳ್ಳಿದರು. ನಾನು ಮುಟ್ಟಲಿಲ್ಲ.

ನಾನು ಇನ್ನೂ ಕೂಗಾಡುತ್ತಿದ್ದಾಗಲೇ ಕಾಕಾ ಎದ್ದರು. "ನಿಮಗ ನೋವಾಗಿದ್ರ ತಗೀತೇನ್ರಿ, ಸಾವ್ಕಾರ್ರ" ಎಂದು ಕೈ ಮುಗಿದು ಹೊರಗೆ ಹೊರಟರು.

ನನಗೆ ಅವರ ಮೇಲೂ ಸಿಟ್ಟು ಬಂತು. ದಾರಿಯಲ್ಲಿ ತಡೆದು ಕೇಳಿದೆ: "ಯಾಕ ಕಾಕಾ? ಒಂದು ಮಾತೂ ಆಡಲಿಲ್ಲಲ್ಲ ನೀವು!"

"ಆಡಿ?" ಎಂದರು. "ನಾಳೆ ಬೀಡಿ ಎಲ್ಲಿ ಮಾರ್ಲಿ? ಎಲ್ಲಾ ಅಂಗಡಿ ಅವರ ಮಾತು ಕೇಳ್ತಾವ. ನೀ ಕೂಗಾಡಿ ಮನೀಗೆ ಹೋಗ್ತಿ. ನಾ ಕೂಗಾಡಿದ್ರ ಅದು ಹುಲಗೂರ ಸಾಬರೆಲ್ಲಾ ಕೂಗ್ಯಾಡಿದಂಗ ಆಕ್ಕೈತಿ."

ಮನೆಗೆ ಹೋಗಿ ಹೆಂಡತಿಯ ಮೇಲೆ ಹರಿಹಾಯ್ದೆ. ಅವಳು, "ಅಡತ್ಯಾಗ ಆಗಿದ್ದನ್ನ ಅಡಗಿಮನ್ಯಾಗ ತೀರಸ್ಕೋಬ್ಯಾಡ್ರಿ" ಎಂದು ನನ್ನ ಬಾಯಿ ಮುಚ್ಚಿಸಿದಳು.

ಮರುದಿನದಿಂದ ನಾನು ನಿಂತ ಎತ್ತಿನ ಹಿಂದೆ ಬಿದ್ದೆ. ಸಂತೆಗೆ ಬಂದ ಗಾಡಿಗಳ ಎದುರು ಕೂತು, ಹೇಗೋ ಹೆಣಗಾಡಿ ನೇಗಿಲು ಹೂಡಿದ ಎತ್ತೊಂದನ್ನು ಬರೆದೆ. ಗಂಟೆ ಇಲ್ಲ, ಜೂಲು ಇಲ್ಲ, ಬೆನ್ನ ಮೇಲೆ ಬಾರುಕೋಲಿನ ಗುರುತು ಕೂಡ ಹಾಕಿದೆ. ಯಾರೂ ಅದನ್ನು ದೇವರು ಅನ್ನುವಂತಿರಲಿಲ್ಲ. ಸಾಹುಕಾರರು ಅದನ್ನು ನೋಡಿ, "ನಿಂತ್ರೂ ಅವನ, ಕುಂತ್ರೂ ಅವನ. ಎತ್ತು ಬ್ಯಾಡ" ಎಂದರು.

ಹಾಗಾದರೆ ದರ್ಗಾದ ಗುಮ್ಮಟ ಹಾಕೋಣ, ಹುಲಗೂರು ಎಂದರೆ ಎಲ್ಲರಿಗೂ ಗೊತ್ತಿರುವುದು ಅದೇ ಎಂದು ನಾನು ಹೇಳಿದೆ. ಅದನ್ನು ಕೇಳಿ ಕಾಕಾನ ಜಮಾತಿನ ಹಿರಿಯರು ನನ್ನ ಮೇಲೆಯೇ ಬಂದರು. "ನಿಮ್ಮ ದೇವ್ರು ಗಟಾರಕ್ಕ ಬೀಳಬಾರದು, ನಮ್ಮ ದರ್ಗಾ ಬೀಳಬೇಕೇನು?" ಅವರ ಮಾತು ಸಾಹುಕಾರರ ಮಾತಿನ ಪಡಿಯಚ್ಚು. ಅಲ್ಲಿಯೂ ಜಗಳ ತೆಗೆದೆ. ಎರಡೂ ಕಡೆಯವರಿಗೆ ಗಟಾರ ಕಾಣುತ್ತಿತ್ತು, ಕಾಗದ ಕಾಣುತ್ತಿತ್ತು, ನಡುವೆ ಪಡಸಾಲೆಯಲ್ಲಿ ಬೀಡಿ ಸುತ್ತುತ್ತಿದ್ದ ಹೆಂಗಸರು ಮಾತ್ರ ಯಾರ ಕಣ್ಣಿಗೂ ಕಾಣುತ್ತಿರಲಿಲ್ಲ. ಗುಲಾಬಿ ಹೂವಿನ ಛಾಪಾ ಆಗಲೇ ಬೇರೆ ಬೀಡಿಯವರದಾಗಿತ್ತು, ಗಿಣಿಯೂ ಬೇರೆಯವರದಾಗಿತ್ತು. ಕೊನೆಗೆ ಕಾಕಾ ಬೇಸತ್ತು, "ಬರೇ ಅಕ್ಷರ ಬರಿ ತಮ್ಮಾ. ಅಕ್ಷರದ ಸಲುವಾಗಿ ಯಾವ ಜಾತಿಯವ್ರೂ ಜಗಳಕ್ಕ ಬರಂಗಿಲ್ಲ" ಎಂದರು.

ಬರೆದೆ. ಊರಿನ ಹೆಸರು, ಅದರ ಕೆಳಗೆ 'ಬೀಡಿ'. ನನ್ನ ಕೈಯಿಂದ ಬಂದದ್ದರಲ್ಲಿ ಅದಕ್ಕಿಂತ ದುಂಡಗಿನ ಅಕ್ಷರ ಬೇರೆ ಇಲ್ಲ. ಕಾಕಾ ಅದನ್ನು ಬಹಳ ಹೊತ್ತು ನೋಡಿ, "ಇದರಾಗ ಎತ್ತಂತೂ ಇಲ್ಲ ಹೌದಿಲ್ಲೋ?" ಎಂದು ಕೇಳಿದರು. ತಮಾಷೆಗೆ ಕೇಳಿದರೋ ನಿಜವಾಗಿ ಕೇಳಿದರೋ ನನಗೆ ತಿಳಿಯಲಿಲ್ಲ.

ಅಕ್ಷರದ ಕಟ್ಟುಗಳು ಅಂಗಡಿಗೆ ಹೋದವು. ಹಮಾಲ ಬಂದು ಎತ್ತಿನ ಬೀಡಿ ಕೇಳುತ್ತಾನೆ, ಅಂಗಡಿಯವನು ಅಕ್ಷರದ ಕಟ್ಟು ಕೊಡುತ್ತಾನೆ, ಇದೇ ಅದು ಎನ್ನುತ್ತಾನೆ. ಹಮಾಲ ತಿರುಗಿಸಿ ಮುರುಗಿಸಿ ನೋಡಿ, "ಎತ್ತೆಲ್ಲಿ? ಇದು ಡುಪ್ಲಿಕೇಟ್ ಐತಿ, ಒಲ್ಲೆ" ಎನ್ನುತ್ತಾನೆ. ದುಂಡಸಿಯಲ್ಲಿ ಹಾಗೆ, ಸವಣೂರಿನಲ್ಲಿ ಹಾಗೆ. ಅದೇ ತಂಬಾಕು, ಅದೇ ಎಲೆ, ಅದೇ ಹೆಂಗಸರ ಬೆರಳು. ನಿಜವಾದ ಬೀಡಿಯೇ ಖೋಟಾ ಆಗಿ ಕಟ್ಟು ಕಟ್ಟಾಗಿ ಹುಲಗೂರಿಗೆ ಮರಳಿ ಬಂತು. ನಾನೇ ಬಸ್ ಸ್ಟ್ಯಾಂಡಿನಲ್ಲಿ ನಿಂತು ಇದೇ ಎತ್ತಿನ ಬೀಡಿ ಎಂದು ಎಷ್ಟೋ ಜನಕ್ಕೆ ಹೇಳಿದೆ. ಪೇಂಟರಿಗೆ ಕಮಿಷನ್ ಇರಬೇಕು ಎಂದುಕೊಂಡರು.

ಪಡಸಾಲೆ ಖಾಲಿಯಾಗತೊಡಗಿತು. ಮೊದಲು ಓಣಿಯ ಹೆಂಗಸರು ಹೋದರು. ಅವರಲ್ಲಿ ಒಬ್ಬಳು, ನಮ್ಮವಳೇ, ಗಂಡನಿಲ್ಲದವಳು, ನನ್ನ ಮಳಿಗೆಗೆ ಬಂದು, "ಅಣ್ಣಾ, ದೇವರಿಗೆ ಅಪಮಾನ ಆಗಬಾರದು ಖರೆ. ಆದ್ರ ನಾನೂ ಆ ದೇವರಿಗೇ ನಡಕೊಂಡಾಕಿ, ನನ್ನನ್ನ ಯಾರೂ ಕೇಳಲೇ ಇಲ್ಲಲ್ಲ" ಎಂದಳು. ಅವಳು ಹೇಳಿದ್ದನ್ನು ನಾನು ಸಾಹುಕಾರರಿಗೆ ಮುಟ್ಟಿಸಿದೆ. ಅವರು ಕೇಳಿಸಿಕೊಂಡು ಬೇರೆ ಮಾತು ತೆಗೆದರು. ಅವರ ಅಡತಿಯ ಬೋರ್ಡು ತಿದ್ದಲು ಕರೆ ಬಂದಾಗ ನಾನು ಹೋಗಲಿಲ್ಲ. ಮುಂದೆ ಅವರ ಯಾವ ಕೆಲಸವನ್ನೂ ಹಿಡಿಯಲಿಲ್ಲ.

ಕಾಕಾ ಬೀಡಿ ನಿಲ್ಲಿಸಿದರು. ಸವಣೂರಿನ ಬಳ್ಳಿ ತೋಟಗಳಿಂದ ವೀಳ್ಯದೆಲೆ ಹಿಡಿದು ಶಿಗ್ಗಾವಿ ಸಂತೆಯಲ್ಲಿ ಮಾರತೊಡಗಿದರು. "ಎಲಿಗೆ ಛಾಪಾ ಬೇಕಾಗಿಲ್ಲ ನೋಡು" ಎಂದು ನಗುತ್ತಿದ್ದರು. ಆ ನಗೆ ನೋಡಿದರೆ ನನಗೆ ಇನ್ನಷ್ಟು ಸಿಟ್ಟು ಬರುತ್ತಿತ್ತು.

ಅದರ ಮರುವರ್ಷ ಹಿರೇಕೆರೂರ ಕಡೆಯಿಂದ ಹೊಸ ಬೀಡಿ ಬಂತು. ಹಸಿರು ಕಾಗದ, ಕೆಂಪು ಮಸಿ, ನಡುವೆ ಕೂತ ಎತ್ತು. ಗಂಟೆಸರ, ಜೂಲು, ಅರ್ಧ ಮುಚ್ಚಿದ ಕಣ್ಣು, ಎಲ್ಲ ನನ್ನದೇ, ಯಾರೋ ಗೀಟಿಗೆ ಗೀಟು ಇಳಿಸಿದ್ದರು. ಕೊಂಬು ಮಾತ್ರ ಎರಡೂ ಸರಿಯಾಗಿದ್ದವು. ಮಾಡಿದವರು ನಮ್ಮವರು, ದೊಡ್ಡ ಮನೆತನದವರು. ಹಮಾಲರು "ಬಂತಪಾ ನಮ್ಮ ಎತ್ತು" ಎಂದು ಮುಗಿಬಿದ್ದರು. ಸಾಹುಕಾರರ ಅಡತಿಯ ಪಕ್ಕದ ಅಂಗಡಿಯಲ್ಲಿಯೇ ಕಟ್ಟುಗಳನ್ನು ಒಪ್ಪವಾಗಿ ಜೋಡಿಸಿಟ್ಟಿದ್ದರು.

ನಾನು ಒಂದು ಕಟ್ಟು ಕೊಂಡು ನೇರ ಅಡತಿಗೆ ನಡೆದೆ. ಗಾದಿಯ ಮೇಲೆ, ಅವರ ಮುಂದೆ ಇಟ್ಟೆ. "ಇಂವ ಯಾರ್ರಿ, ಸಾವ್ಕಾರ್ರ?"

ಅವರು ನೋಡಿದರು. ಮುಖದಲ್ಲಿ ಒಂದು ಗೆರೆ ಕದಲಲಿಲ್ಲ. "ಅವರು ಭಕ್ತೀಲೆ ಹಾಕ್ಯಾರ" ಎಂದರು.

ನನ್ನ ಬಾಯಲ್ಲಿ ಆಗ ಏನು ಬಂತೋ ಅದನ್ನು ಇಲ್ಲಿ ಬರೆಯುವಂತಿಲ್ಲ. ಗುಮಾಸ್ತರು ನನ್ನ ತೋಳು ಹಿಡಿದು ಹೊರಗೆ ಕರೆತಂದರು.

ಅದು ಸಂತೆಯ ದಿನ. ಕಾಕಾ ಎಲೆ ಮಾರಿ ಮುಗಿಸಿ, ಖಾಲಿ ಬುಟ್ಟಿಯನ್ನು ಕಂಕುಳಲ್ಲಿ ಇರುಕಿಕೊಂಡು ಬಸ್ಸಿಗೆ ಹೊರಟಿದ್ದರು. ನಾನು ಜೊತೆಗೆ ನಡೆಯುತ್ತ ಸಾಹುಕಾರರು ಅಂದದ್ದನ್ನು ಹೇಳಿದೆ. ಬಸ್ ಸ್ಟ್ಯಾಂಡಿನ ತುಂಬ ಹಸಿರು ಲೇಬಲ್‌ಗಳು ಬಿದ್ದಿದ್ದವು. ಹಮಾಲರು ತುಳಿಯುತ್ತಿದ್ದರು, ಹೆಂಗಸರು ತುಳಿಯುತ್ತಿದ್ದರು, ಅಡತಿಯಲ್ಲಿ ಅವತ್ತು ಕೂತಿದ್ದ ಹಿರಿಯರೊಬ್ಬರು ಹೊಸ ಜೋಡು ಮೆಟ್ಟಿಕೊಂಡು ಒಂದು ಲೇಬಲ್ಲಿನ ಮೇಲೆಯೇ ನಿಂತು ಹಾವೇರಿ ಬಸ್ಸಿನ ದಾರಿ ನೋಡುತ್ತಿದ್ದರು. ಕಾಕಾ ಮಾತ್ರ ಕಾಲು ಎತ್ತಿ ಎತ್ತಿ, ಒಂದೊಂದನ್ನೂ ಬಳಸಿ, ಸುತ್ತು ಹಾಕಿ ನಡೆಯುತ್ತಿದ್ದರು. ಬಸ್ ಹೊರಡುವ ಹೊತ್ತಾಗಿತ್ತು, ಕಂಡಕ್ಟರ್ ಕೂಗುತ್ತಿದ್ದ.

"ಲಗೂನ ನಡೀರಿ ಕಾಕಾ, ಬಸ್ ಹೊಕ್ಕೈತಿ" ಎಂದೆ.

"ತಡಿಯೋ ತಮ್ಮಾ" ಎಂದರು, ಕೆಳಗೆ ನೋಡುತ್ತಲೇ. "ಕಾಲಾಗ ಬರಾಕತ್ತಾನ."